ದೂರದ ದಾರಿಯ ಕಾರು

ಯಜಮಾನರಿಗೆ,

ಕಾರು ಹೋಗೋದನ್ನ ಕಣ್ಣಲ್ಲಿ ನೋಡಲಾರೆ ಅಂತ ನೀವು ನಿಮ್ಮ ತಮ್ಮನ ಮನೆ ಸೇರ್ಕೊಂಡ್ರಿ. ನೀವು ಹೇಳಿದ ಹಾಗೇ ಕೀಲಿಕೈ ಕೊಟ್ಟೆ. ಕೊಂಡವರು ಹಲ್ಲಿನ ಡಾಕ್ಟರಮ್ಮ. 'ಚಪ್ಪಲಿ ಬಿಟ್ಟು ಹತ್ತಿ' ಅಂದೆ, ನಿಮ್ಮ ಕಾಯಿದೆಯಂತೆ. ಅವರು ನಕ್ಕು ಹಾಗೇ ಹತ್ತಿದ್ರು.

'ದೂರದ ದಾರೀಲಿ ಹೇಗೆ ಓಡುತ್ತೆ?' ಅಂತ ಕೇಳಿದ್ರು. ದೂರ ಪ್ರಯಾಣಕ್ಕೇ ಮಾಡಿದ ಗಾಡಿ ಅಂತ ಬಂದವರ ಮುಂದೆಲ್ಲ ಕೊಚ್ಚಿಕೊಳ್ತಿದ್ದವರು ನೀವು. ಹನ್ನೊಂದು ವರ್ಷ ಅದನ್ನ ಒರೆಸಿದವಳು ನಿಮ್ಮ ಹೆಂಡತಿ, ನಾನು. ಸೀಟು ಕೊಳೆಯಾಗುತ್ತೆ ಅಂತ ಒಂದು ದಿನವಾದ್ರೂ ಕೂರಿಸಿದ್ರಾ? ಏನಂತ ಹೇಳಲಿ?

ಅವರು ನಮ್ಮಕ್ಕನ ಊರಿನ ಮೇಲೇ ಹೋಗೋರಿದ್ರು. ನನ್ನ ಪೆಟ್ಟಿಗೆ ತಂದು ಪಕ್ಕದಲ್ಲಿ ಕೂತೆ, ಚಪ್ಪಲಿ ಹಾಕ್ಕೊಂಡೇ.

ಮನೆ ಕೀಲಿ ಪಕ್ಕದ ಟೈಲರ್ ಹತ್ತಿರ ಇದೆ. ಕಾರಿನ ಹೊದಿಕೆ ಒಗೆದು ಮಡಿಸಿಟ್ಟಿದ್ದೀನಿ, ಬೇಕಾದ್ರೆ ಹೊದ್ದು ಮಲಗಿ.

ಗಾಡಿ ಬಹಳ ಚೆನ್ನಾಗಿ ಓಡುತ್ತೆ.

ಇಂತಿ,
ಒರೆಸುತ್ತಿದ್ದವಳು