ಎಸ್ಟೋನಿಯಾದವಳ ಉದ್ದ ಸ್ವರ

ಅಲ್ ಕುಸೈಸ್, ದುಬೈ

ಚಿಗವ್ವಗೆ ನಮಸ್ಕಾರ,

ಪಕ್ಕದ ಮನೆಗೆ ಕೈಸಾ ಎಂಬ ಎಸ್ಟೋನಿಯಾ ದೇಶದವಳು ಬಂದಿದ್ದಾಳೆ. ಅವಳು ತನ್ನ ಭಾಷೆ ಶುರು ಮಾಡಿದರೆ ಹಲ್ಲುನೋವಿನವರು ನರಳಿದಂತಿರುತ್ತದೆ. ‘ಒ’ ಅನ್ನುವುದನ್ನೂ ತುಟಿ ಚಪ್ಪಟೆ ಮಾಡಿ ಅನ್ನಬೇಕಂತೆ. ಹ್ರಸ್ವ, ದೀರ್ಘ ಸಾಲದೆಂದು ಮೂರನೆಯದೊಂದು ಎಳೆತ ಬೇರೆ.

“ಹಾಡಿದಂಗ ಐತಲ್ಲ” ಅಂದರು ನಮ್ಮವರು.

“ಕರು ಕಳಕೊಂಡ ಎಮ್ಮಿ ಹಾಡಿದಂಗ” ಅಂದೆ.

ನಮ್ಮ ಮಗಳು ಸಾಕ್ಷಿಗೆ ಎರಡು ವರ್ಷ ತುಂಬಿದರೂ ಮಾತಿಲ್ಲ. ಆ ಚಿಂತೆಗೆ ನನಗೆ ನಿದ್ದೆಯಿಲ್ಲ. ನೀನು ಕಳಿಸಿದ ಬಜೆ ತೇಯ್ದು ನಾಲಿಗೆಗೆ ಹಚ್ಚಿದ್ದೇ ಬಂತು. ನಿನ್ನೆ ಲಿಫ್ಟಿನಲ್ಲಿ ಕೈಸಾ ಫೋನ್ ಹಿಡಿದು ನರಳುತ್ತಿದ್ದಳು. ಸಾಕ್ಷಿ ಅವಳ ಬಾಯಿಯನ್ನೇ ನೋಡುತ್ತ ಅದೇ ಸ್ವರವನ್ನು ಅಷ್ಟೇ ಉದ್ದ ಎಳೆದಳು.

ಇವತ್ತು ಕೈಸಾಳನ್ನು ಉಪ್ಪಿಟ್ಟಿಗೆ ಕರೆದಿದ್ದೇನೆ. ಎಷ್ಟು ಬೇಕೋ ಅಷ್ಟು ನರಳಲಿ.

ರವೆ ಸೀದೀತು, ಏಳುತ್ತೇನೆ.

ನಿರುಪಮಾ