ಬಿರಡೆ ಬಿಗಿಸಿದ ಟ್ಯಾಂಕು

6-12-1976, ಸೋಮವಾರ

ಬೆಳಿಗ್ಗೆ ಸಾವ್ಕಾರರ ಕೋಳಿಮರಿ ಕೇಂದ್ರದ ಮೊಟ್ಟೆ ಕೋಣೆ ತೊಂಬತ್ತೊಂಬತ್ತು ಡಿಗ್ರಿ ಫ್ಯಾರನ್‌ಹೀಟ್. ಮಧ್ಯಾಹ್ನ ನೂರು. ಸಿರುಗುಪ್ಪದಿಂದ ಬಾಯ್ಲರ್ ಒಲೆಗೆ ಭತ್ತದ ಹೊಟ್ಟು ಬಂತು. ನಾಲ್ಕು ಸಾವಿರ ಮೊಟ್ಟೆ, ಒಂಬತ್ತನೇ ದಿನ. ಇನ್ನು ಹನ್ನೆರಡು ದಿನಕ್ಕೆ ಮರಿ.

ಛಾವಣಿಯ ಟ್ಯಾಂಕಿನಲ್ಲಿ ಮತ್ತೆ ಪಾರಿವಾಳದ ಪುಕ್ಕ. ಕೋಣೆಗೆ ಬಿಸಿ ಕೊಡುವ ಪೈಪಿನ ನೀರು ಕಾದು ಉಬ್ಬಿದರೆ ಈ ಟ್ಯಾಂಕಿಗೆ ಏರುತ್ತದೆ, ಆರಿದರೆ ಇಳಿಯುತ್ತದೆ. ಆವಿಯಾಗಿ ಹೋದಷ್ಟನ್ನು ನಾನು ತುಂಬಬೇಕು. ದಿನಕ್ಕೆ ಎರಡು ಕೊಡ, ಕಬ್ಬಿಣದ ಏಣಿ ಹತ್ತಿ. ಮೂರು ವರ್ಷದಿಂದ... ಮೊಣಕಾಲು ನೋವು.

9-12-1976

ಕೌಲ್ ಬಜಾರಿನ ಫಿಟ್ಟರ್ ಪಕ್ಕೀರಪ್ಪನನ್ನು ಕರೆಸಿದೆ. ಒಲೆ ಎರಡು ತಾಸು ತಗ್ಗಿಸಿ ಟ್ಯಾಂಕಿಗೆ ತಗಡಿನ ಮುಚ್ಚಳ ಬೆಸುಗೆ ಹಾಕಿದ. ಮುಚ್ಚಳದಲ್ಲಿ ಬಿಟ್ಟ ತೂತಿನಿಂದ ಬಾಯಿಮಟ ನೀರು ತುಂಬಿದೆವು.

"ಅಕ್ಕಾರ, ಈ ತೂತು ಹಂಗ ಬಿಡ್ಲೇನ್ರಿ? ಗಾಳಿ ಆಡಬೇಕಲ್ಲ."

"ಬ್ಯಾಡ. ಮತ್ತ ಕಸ ಬೀಳ್ತೈತಿ, ನೀರೂ ಆರ್ತೈತಿ. ಬಿರಡೆ ಬಿಗಿ."

ಒಂದು ಗಳಿಗೆ ನನ್ನ ಮುಖ ನೋಡಿದ. ಬಿಗಿದ.

10-12-1976, ಸಂಜೆ

ಬೆಳಿಗ್ಗೆ ಒಲೆ ಜೋರು ಮಾಡಿದ ಮೇಲೆ ಬಾಯ್ಲರ್ ಪಕ್ಕದ ಜಾಯಿಂಟ್ ಹನಿಯತೊಡಗಿತು. ಪಕ್ಕೀರಪ್ಪನಿಗೆ ಹೇಳಿ ಕಳಿಸಿದೆ. ಬಂದ. ಸ್ಪ್ಯಾನರ್ ಹಾಕಿ ಅರ್ಧ ಸುತ್ತು ತಿರುಗಿಸಿದ— ಜಾಯಿಂಟ್ ಕಿತ್ತು ಬಂತು. ಕುದಿವ ನೀರು ಅವನ ಬಲಗೈ ಮೇಲೆ, ಎದೆ ಮೇಲೆ.

ಟಾಂಗಾದಲ್ಲಿ ಆಸ್ಪತ್ರೆಗೆ ಕಳಿಸಿದೆವು. ದಾರಿಯುದ್ದಕ್ಕೂ ಅವನು ಕೂಗಲಿಲ್ಲವಂತೆ.

ಆರು ಗಂಟೆಗೆ ಮೊಟ್ಟೆ ಕೋಣೆ ಎಪ್ಪತ್ನಾಲ್ಕು.

11-12-1976

ಸಾವ್ಕಾರ ಮರಿಬಸಪ್ಪನವರು ಆಸ್ಪತ್ರೆಗೆ ಹೋಗಿ ಬಂದರು.

"ಉಬ್ಬಿದ ನೀರಿಗೆ ಜಾಗಾನೇ ಇಲ್ದಂಗ ಮಾಡ್ಯಾನ ಮಗ. ಯಾರು ಹೇಳಿದ್ರಲೇ ಅಂದ್ರ, ನಾನಽ ಮಾಡಿದೆ ಅಂತಾನ. ಇನ್ಮ್ಯಾಲೆ ಅವ ಇಲ್ಲಿಗೆ ಕಾಲಿಡಬಾರ್ದು."

ನಾನು ಥರ್ಮಾಮೀಟರ್ ಒರೆಸುತ್ತಿದ್ದೆ. ಒರೆಸುತ್ತಲೇ ಇದ್ದೆ.

14-12-1976

ಆಸ್ಪತ್ರೆಗೆ ಹೋದೆ. ಪಕ್ಕೀರಪ್ಪನ ಕೈಗೆ ಮೊಣಕೈವರೆಗೆ ಬಟ್ಟೆ ಸುತ್ತಿದೆ. ಹೆಂಡತಿ ಗಂಗಕ್ಕ ಬೀಸಣಿಗೆ ಬೀಸುತ್ತಿದ್ದಳು. ಅವಳು ಹೊರಗೆ ಹೋದಾಗ ಅವನೇ ಮೆಲ್ಲಗೆ ಅಂದ:

"ಯಾರ ಮುಂದೂ ಹೇಳಿಲ್ರಿ. ನಿಮಗ ಗಂಡ ಇಲ್ಲ, ಮಗಳ ಸಾಲಿ ಐತಿ. ನನಗ ಎಲ್ಲೆರ ಕೆಲಸ ಸಿಗ್ತೈತಿ."

ತಂದಿದ್ದ ಮೋಸಂಬಿ ಇಟ್ಟು ಬಂದೆ.

18-12-1976

ಮರಿ ಏಳುವ ದಿನ. ಎದ್ದದ್ದು ಇನ್ನೂರ ಹನ್ನೊಂದು. ಉಳಿದವನ್ನು ಗುಂಡಿ ತೋಡಿಸಿ ಹೂಳಿಸಿದೆ.

3-1-1977

ಹದಿನೈದು ದಿನ ಏನೂ ಬರೆದಿಲ್ಲ. ಬರೆಯುವಂಥದ್ದು ಇರಲಿಲ್ಲ ಅಂತಲ್ಲ.

ಇವತ್ತು ಹೇಳಿದೆ. ಸಾವ್ಕಾರರು ಕುರುಗೋಡಿಗೆ ಹೊರಡಲು ಜೀಪು ಹತ್ತುತ್ತಿದ್ದರು.

"ಬಿರಡೆ ಬಿಗಿ ಅಂದಾಕಿ ನಾನ್ರಿ. ಅವ ತೂತು ಹಂಗ ಬಿಡ್ಲೇನು ಅಂತ ಕೇಳಿದ್ದ."

ಜೀಪಿನಿಂದ ಕಾಲು ಕೆಳಗಿಟ್ಟರು. ಆಮೇಲೆ, "ವೀರಭದ್ರಮ್ಮ, ಇಪ್ಪತ್ತು ದಿನ ಬೇಕಾತೇನವ್ವಾ ಇದನ್ನ ಹೇಳಾಕ?"

ಇಪ್ಪತ್ನಾಲ್ಕು. ತಿದ್ದಲಿಲ್ಲ.

"ಅವನ್ನ ಬರಾಕ ಹೇಳು. ನೀ ನಾಳಿಂದ ಬರಬ್ಯಾಡ."

ಬೀಗದಕೈ ಕೊಟ್ಟೆ.

4-1-1977

ಕೌಲ್ ಬಜಾರಿಗೆ ಹೋದೆ. ಪಕ್ಕೀರಪ್ಪ ಬಾಗಿಲ ಮುಂದೆ ಬಿಸಿಲಿಗೆ ಕೂತಿದ್ದ. ಸಾವ್ಕಾರರು ಕರೆದಿದ್ದಾರೆ ಅಂದೆ. ಎಲ್ಲ ಹೇಳಿದೆ. ಖುಷಿಪಡುತ್ತಾನೆ ಅಂದುಕೊಂಡಿದ್ದೆ. ಸಿಟ್ಟಾದ.

"ಯಾಕ ಹೇಳಾಕ ಹೋದ್ರಿ? ಈಗ ಇಬ್ಬರದೂ ಹೋತು."

"ನಿನ್ನ ಕೆಲಸ ಉಳೀತಲ್ಲ."

ಅವನು ಕೈಗೆ ಸುತ್ತಿದ್ದ ಬಟ್ಟೆ ಬಿಚ್ಚಿದ. ಗುಲಾಬಿ ಬಣ್ಣದ ಎಳೆ ಚರ್ಮ, ಬಿಗಿದುಕೊಂಡಿದೆ. ಸ್ಪ್ಯಾನರ್ ಹಿಡಿಯುವ ಹಾಗೆ ಬೆರಳು ಮಡಚಿ ತೋರಿಸಿದ. ಎರಡು ಮಡಚಿದವು. ಉಳಿದ ಮೂರು ಅಲುಗಲೇ ಇಲ್ಲ.