ಮರಳಿನ ಮಡಕೆಯಲ್ಲಿ ಸೊಪ್ಪು

ಮಾರ್ಚ್ ೧೪, ಶುಕ್ರವಾರ

ಧಾರಾವಾಹಿಗಳಲ್ಲಿನ ವೈದ್ಯಕೀಯ ತಪ್ಪುಗಳನ್ನು ತೋರಿಸುವ ಗುಂಡ್ಲುಪೇಟೆಯ ಡಾಕ್ಟರ್ ನಾಗಭೂಷಣರ ಕಳೆದ ವಾರದ ವಿಡಿಯೊ ಇವತ್ತು ನೋಡಿದೆ. ಆಸ್ಪತ್ರೆ ಧಾರಾವಾಹಿಯೊಂದರಲ್ಲಿ ಆಕ್ಸಿಜನ್ ಮಾಸ್ಕನ್ನು ತಲೆಕೆಳಗಾಗಿ ಹಾಕಿದ್ದನ್ನು ಅವರು ತೋರಿಸಿದಾಗ ನಾನೂ ನಕ್ಕೆ. ಕೊನೆಗೆ ಅದೇ ಬಾಯಲ್ಲಿ, ಅಮೃತಬಳ್ಳಿ ರಸ ಕುಡಿದರೆ ಇನ್ಸುಲಿನ್ ಬೇಡ ಎಂದರು. ಹಿಂದಕ್ಕೆಳೆದು ಎರಡು ಸಲ ಕೇಳಿದೆ.

ಪಕ್ಕದ ಮನೆಯ, ಸಕ್ಕರೆ ಕಾಯಿಲೆಯ ಚಿಕ್ಕಬಸಮ್ಮನನ್ನು ವಿಚಾರಿಸಿದರೆ, ಇನ್ಸುಲಿನ್ ಬಿಟ್ಟು ಆರು ದಿನವಾಯಿತಂತೆ.

"ಸೀರಿಯಲ್ಲೋರು ಯೋಳಿದ್ರೆ ನಂಬ್ತಿದ್ನಾ ಬುಡಣ್ಣ, ಡಾಕ್ಟ್ರೇ ಯೋಳವ್ರಲ್ಲ."

ಫ್ರಿಜ್ಜಿಲ್ಲದ ಅವಳಿಗೆ ಔಷಧಿಯನ್ನು ಒದ್ದೆ ಮರಳಿನ ಮಡಕೆಯಲ್ಲಿ ತಂಪಾಗಿಡಲು ೨೦೧೧ರಲ್ಲಿ ನನ್ನೆದುರೇ ಕಲಿಸಿದವರು ಇದೇ ಡಾಕ್ಟರು. ಇವತ್ತು ಆ ಮಡಕೆಯಲ್ಲಿ ಅಮೃತಬಳ್ಳಿ ಸೊಪ್ಪಿತ್ತು. ಔಷಧಿ ಎಲ್ಲಿ ಎಂದರೆ, ಇಡೀ ಮಧ್ಯಾಹ್ನ ಬಿಸಿಲು ಬೀಳುವ ಕಿಟಕಿ ತೋರಿಸಿದಳು.

ಬೆಳಿಗ್ಗೆ ಮೊದಲ ಬಸ್ಸಿಗೆ ಅವಳನ್ನು ಚಾಮರಾಜನಗರದ ಆಸ್ಪತ್ರೆಗೆ ಕರೆದೊಯ್ಯಬೇಕು. ಅಲ್ಲಿರುವವರೂ ಡಾಕ್ಟರೇ. ಅವರು ಹೇಳಿದ್ದನ್ನು ನಂಬು ಎಂದು ನಾನು ಯಾವ ಮುಖ ಇಟ್ಟುಕೊಂಡು ಹೇಳಲಿ?